ಹೆಡ್‌ಫೋನ್: ಸಂಗೀತದ ಅಭಿರುಚಿ, ಬೆಲೆ ಮತ್ತು ಆಯ್ಕೆ

ಹೆಡ್‌ಫೋನ್ ಎಂದರೆ ಕಿವಿಯ ಮೇಲೆ ಅಥವಾ ಕಿವಿಯೊಳಗೇ ಕುಳಿತು ಒಬ್ಬರಿಗಷ್ಟೇ ಕೇಳಿಸುವ ಪುಟ್ಟ ಸ್ಪೀಕರ್‌ಗಳ ಜೋಡಿ. ಇಯರ್‌ಫೋನ್, ಇಯರ್‌ಬಡ್, ಹೆಡ್‌ಸೆಟ್ ಎಂಬ ಹೆಸರುಗಳು ಬಳಕೆಯಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಇಲ್ಲಿ ಹೆಡ್‌ಫೋನ್ ಎಂದಾಗ ಇವೆಲ್ಲವೂ ಸೇರಿದವು ಎಂದು ತಿಳಿಯಬೇಕು. ಕೋಣೆಯಲ್ಲಿಟ್ಟ ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲುಗಿಸಬೇಕು, ಗೋಡೆ, ನೆಲ, ಛಾವಣಿಗಳ ಪ್ರತಿಧ್ವನಿಯ ಜೊತೆ ಹೆಣಗಬೇಕು. ಹೆಡ್‌ಫೋನ್‌ಗೆ ಈ ತಾಪತ್ರಯವಿಲ್ಲ. ಹಾಗಾಗಿ ಸ್ಪೀಕರ್‌ನಲ್ಲಿ ಲಕ್ಷ ರೂಪಾಯಿ ಕೇಳುವ ಸೂಕ್ಷ್ಮ ವಿವರ ಹೆಡ್‌ಫೋನ್‌ನಲ್ಲಿ ಕೆಲವೇ ಸಾವಿರಕ್ಕೆ ಸಿಗುತ್ತದೆ. ಸಾಮಾನ್ಯ ಸಂಬಳದವರೂ ಒಳ್ಳೆಯ ಧ್ವನಿಮುದ್ರಣವನ್ನು ಪೂರ್ತಿಯಾಗಿ ಕೇಳಬಲ್ಲ ಅಗ್ಗದ ದಾರಿ ಇದು.

ಕೊಳ್ಳುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬೆಲೆಯದು, ಎರಡನೆಯದು ಕಂಪನಿಯದು. ಎರಡೂ ಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಕೊನೆಗೆ. ಎಲ್ಲಿ ಕುಳಿತು ಕೇಳುವುದು, ಏನನ್ನು ಕೇಳುವುದು, ಕಿವಿಯಲ್ಲಿ ಸರಿಯಾಗಿ ಕೂರುತ್ತದೆಯೇ ಎಂಬ ಮೂರು ಮಾತು ಇತ್ಯರ್ಥವಾದ ಮೇಲೆ ಬೆಲೆ ತಾನಾಗಿ ಒಂದು ಮಿತಿಗೆ ಬಂದು ನಿಲ್ಲುತ್ತದೆ. ಎಷ್ಟೋ ಸಲ ಅದು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ.

ಹಿನ್ನೆಲೆ

ಈ ಸಾಧನ ಹುಟ್ಟಿದ್ದು ಟೆಲಿಫೋನ್‌ನ ಬೆನ್ನಿಗೇ. 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾನ್ ಅದೇರ್ ಎಂಬ ಎಂಜಿನಿಯರ್ ಒಪೆರಾ ಮಂದಿರದ ವೇದಿಕೆಯಿಂದ ತಂತಿ ಎಳೆದು, ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ನಿಂತವರಿಗೆ ಸಂಗೀತ ಕೇಳಿಸಿದರು. ಒಂದೊಂದು ಕಿವಿಗೂ ವೇದಿಕೆಯ ಬೇರೆ ಬೇರೆ ಜಾಗದ ಮೈಕ್‌ನ ದನಿ ಹೋಗುತ್ತಿದ್ದುದರಿಂದ ಗಾಯಕರು ಅತ್ತಿತ್ತ ಓಡಾಡುವುದೂ ತಿಳಿಯುತ್ತಿತ್ತು. ಸ್ಟೀರಿಯೊ ಜನಪ್ರಿಯವಾಗುವುದಕ್ಕೆ ಮುಕ್ಕಾಲು ಶತಮಾನ ಮೊದಲಿನ ಮಾತಿದು. 1910ರಲ್ಲಿ ಅಮೆರಿಕದ ಯೂಟಾದ ನಥಾನಿಯಲ್ ಬಾಲ್ಡ್‌ವಿನ್ ತಮ್ಮ ಅಡುಗೆಮನೆಯಲ್ಲಿ ಕೂಡಿಸಿ ತಯಾರಿಸಿದ, ತಲೆಗೆ ಸಿಕ್ಕಿಸಿಕೊಳ್ಳುವ ರಿಸೀವರ್‌ಗಳನ್ನು ಅಲ್ಲಿನ ನೌಕಾಪಡೆ ಕೊಂಡಿತು. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಡಿಟಿ 48 ಎಂಬ ಮಾದರಿಯನ್ನು ಹೊರತಂದಿತು. ಇಂದಿನ ಬಹುಪಾಲು ಹೆಡ್‌ಫೋನ್‌ಗಳಲ್ಲಿ ದನಿ ಹುಟ್ಟಿಸುವ ಭಾಗವಾದ ಡೈನಾಮಿಕ್ ಡ್ರೈವರ್ ಮೊದಲು ಬಂದದ್ದು ಅದರಲ್ಲಿ.

ಅಲ್ಲಿಯವರೆಗೂ ಇದು ರೇಡಿಯೊ ಆಪರೇಟರ್, ಸೈನಿಕ, ಧ್ವನಿಮುದ್ರಣದವರ ಸಾಮಾನು. ಸಂಗೀತ ಕೇಳಲೆಂದೇ ತಯಾರಾದ ಸ್ಟೀರಿಯೊ ಹೆಡ್‌ಫೋನನ್ನು 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಮಾರುಕಟ್ಟೆಗೆ ತಂದರು. ಅವರು ಸ್ವತಃ ಜಾಝ್ ವಾದಕರು. 1968ರಲ್ಲಿ ಸೆನ್‌ಹೈಸರ್ ಕಂಪನಿಯ ಎಚ್‌ಡಿ 414 ಹಳದಿ ಸ್ಪಂಜಿನ ದಿಂಬುಗಳನ್ನು ಹೊತ್ತು ಬಂತು. ಕಿವಿಯನ್ನು ಮುಚ್ಚಿದರೇನೇ ಒಳ್ಳೆಯ ದನಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅದು ಹಿಂಬದಿಯನ್ನು ತೆರೆದೇ ಇಟ್ಟಿತು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಹೆಡ್‌ಫೋನ್ ಮನೆಯಿಂದ ಬೀದಿಗಿಳಿಯಿತು. ಕರಾವಳಿಯ ಎಷ್ಟೋ ಮನೆಗಳಿಗೆ ಅದು ತಲುಪಿದ್ದು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿ ಶುರುವಾಯಿತು. ಮುಂದೆ ಮೊಬೈಲ್‌ಗಳಲ್ಲಿ ಎಫ್‌ಎಂ ಬಂದಾಗ ಇಯರ್‌ಫೋನ್ ವೈರೇ ಆಂಟೆನಾ ಆದದ್ದರಿಂದ, ಸಂಗೀತದ ಹುಚ್ಚಿಲ್ಲದವರ ಕಿಸೆಗೂ ಅದು ಸೇರಿತು.

ಸದ್ದು ಕಳೆಯುವ ವಿದ್ಯೆಯ ಕಥೆ ಬೇರೆ. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಮರಳುತ್ತಿದ್ದ ಪ್ರಾಧ್ಯಾಪಕ ಅಮರ್ ಬೋಸ್ ಎಂಜಿನ್ ಗದ್ದಲದಲ್ಲಿ ಸಂಗೀತ ಕೇಳಲಾಗದೆ, ಕುಳಿತಲ್ಲಿಯೇ ಲೆಕ್ಕ ಹಾಕತೊಡಗಿದರು ಎಂಬುದು ಪ್ರಸಿದ್ಧ. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ಆ ಲೆಕ್ಕ 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ಆಯಿತು, 2000ದಲ್ಲಿ ಪ್ರಯಾಣಿಕರ ಕೈಗೆ ಬಂತು. 2016ರಲ್ಲಿ ಆಪಲ್ ತನ್ನ ಫೋನ್‌ನಿಂದ 3.5 ಮಿ.ಮೀ. ಜಾಕ್ ತೆಗೆದು ಏರ್‌ಪಾಡ್ ಕೊಟ್ಟಿತು. ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು.

ರೂಪಗಳು

ಕಿವಿಯನ್ನು ಪೂರ್ತಿ ಒಳಗೊಳ್ಳುವ ದೊಡ್ಡ ದಿಂಬಿನದು ಓವರ್-ಇಯರ್. ಕಿವಿಯ ಮೇಲೆ ಒತ್ತಿ ಕೂರುವುದು ಆನ್-ಇಯರ್. ಕಿವಿಯ ಕಾಲುವೆಯೊಳಗೆ ಸಿಲಿಕೋನ್ ಅಥವಾ ಫೋಮ್ ತುದಿಯೊಂದಿಗೆ ಇಳಿಯುವುದು ಇನ್-ಇಯರ್. ಕಾಲುವೆಯ ಬಾಯಲ್ಲಿ ಸುಮ್ಮನೆ ತಗುಲಿಕೊಂಡಿರುವುದು ಬಡ್. ಆನ್-ಇಯರ್ ಹೆಚ್ಚು ಹೊತ್ತು ಹಾಕಿದರೆ ಕಿವಿ ಹಾಲೆ ನೋಯುತ್ತದೆ. 1984ರಿಂದಲೂ ತಯಾರಾಗುತ್ತಿರುವ ಕಾಸ್ ಪೋರ್ಟಾ ಪ್ರೊ ಒಂದನ್ನು ಬಿಟ್ಟರೆ ಈ ಜಾತಿಯಲ್ಲಿ ನೆನಪಿಡಬೇಕಾದವು ಹೆಚ್ಚಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹಿಂಬದಿ ಮುಚ್ಚಿದೆಯೋ ತೆರೆದಿದೆಯೋ ಎಂಬುದು. ತೆರೆದ ಹೆಡ್‌ಫೋನ್‌ನಲ್ಲಿ ಡ್ರೈವರ್‌ನ ಹಿಂದೆ ಜಾಲರಿ ಮಾತ್ರ ಇರುತ್ತದೆ. ಒಳಗಿನ ದನಿ ಹೊರಕ್ಕೂ ಹೊರಗಿನದು ಒಳಕ್ಕೂ ಸಲೀಸಾಗಿ ಓಡಾಡುತ್ತದೆ. ಸಂಗೀತ ತಲೆಯ ನಡುವೆ ಕಿಕ್ಕಿರಿಯದೆ ತುಸು ಆಚೆ ಹರಡಿಕೊಂಡಂತೆ ಅನಿಸುತ್ತದೆ, ಕಿವಿಗೆ ಸೆಕೆಯೂ ಆಗುವುದಿಲ್ಲ. ಆದರೆ ಪಕ್ಕದಲ್ಲಿ ಮಲಗಿದವರಿಗೆ ಪಲ್ಲವಿಯಿಂದ ಮಂಗಳದವರೆಗೆ ಕೇಳಿಸುತ್ತದೆ. ಅಡುಗೆಮನೆಯ ಮಿಕ್ಸಿ, ಕುಕ್ಕರ್ ಶಿಳ್ಳೆ ನಿಮಗೆ ಕೇಳಿಸುತ್ತವೆ. ಒಂಟಿ ಕೋಣೆ, ರಾತ್ರಿಯ ನಿಶ್ಶಬ್ದ, ಗಟ್ಟಿ ಬಾಗಿಲು ಇದ್ದವರಿಗೆ ಇದಕ್ಕಿಂತ ಸುಖವಿಲ್ಲ. ಕೂಡುಮನೆಯಲ್ಲಿ, ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ಮುಚ್ಚಿದ್ದೇ ಗತಿ. ಬಿಎಂಟಿಸಿ ಬಸ್ಸು, ಮೆಟ್ರೊ, ಕೆಎಸ್‌ಆರ್‌ಟಿಸಿಯ ರಾತ್ರಿ ಪ್ರಯಾಣಕ್ಕೆ ಇನ್-ಇಯರ್ ಅಥವಾ ಸದ್ದು ಕಳೆಯುವ ಓವರ್-ಇಯರ್ ಬೇಕು. ಮಂಗಳೂರಿನ ಬೆವರಿಗೂ ಕಲಬುರ್ಗಿಯ ಮೇ ತಿಂಗಳಿಗೂ ಕೃತಕ ಚರ್ಮದ ದಿಂಬು ಒಗ್ಗುವುದಿಲ್ಲ. ಒಂದೆರಡು ವರ್ಷದಲ್ಲಿ ಸಿಪ್ಪೆ ಸುಲಿದು ಕಪ್ಪು ಚೂರು ಕೆನ್ನೆಗೆ ಅಂಟುತ್ತದೆ. ಅಂಥ ಊರುಗಳಲ್ಲಿ ಬಟ್ಟೆ ಅಥವಾ ವೆಲ್ವೆಟ್ ದಿಂಬಿನದೇ ವಾಸಿ.

ಡ್ರೈವರ್ ಯಾವ ಬಗೆಯದು ಎಂಬುದಕ್ಕೆ ಜಾಹೀರಾತುಗಳು ಕೊಡುವಷ್ಟು ಮಹತ್ವ ಕೊಡಬೇಕಿಲ್ಲ. ಡೈನಾಮಿಕ್‌ನಲ್ಲಿ ಅಯಸ್ಕಾಂತದ ನಡುವೆ ತಾಮ್ರದ ಸುರುಳಿ ಮತ್ತು ಅದಕ್ಕೆ ಅಂಟಿದ ತೆಳುಪೊರೆ. ಪ್ಲೇನಾರ್‌ನಲ್ಲಿ ಪೊರೆಯ ಮೇಲೇ ಹಾಸಿದ ವಾಹಕ. ಬ್ಯಾಲೆನ್ಸ್‌ಡ್ ಆರ್ಮೇಚರ್‌ನಲ್ಲಿ ಶ್ರವಣಸಾಧನದಿಂದ ಬಂದ ಪುಟ್ಟ ನಾಲಗೆ. ಎಲೆಕ್ಟ್ರೋಸ್ಟಾಟಿಕ್‌ನಲ್ಲಿ ಹೆಚ್ಚಿನ ವೋಲ್ಟೇಜಿನ ಎರಡು ಜಾಲರಿಗಳ ನಡುವೆ ತೇಲುವ ಪೊರೆ. ಜಪಾನಿನ ಸ್ಟ್ಯಾಕ್ಸ್ ಈ ಕೊನೆಯ ಬಗೆಯನ್ನು 1960ರಿಂದ ಮಾಡುತ್ತ ಬಂದಿದೆ. ನಾಲ್ಕರಲ್ಲೂ ಒಳ್ಳೆಯವು ಇವೆ, ಕೆಟ್ಟವೂ ಇವೆ. 50 ಮಿ.ಮೀ. ಡ್ರೈವರ್ 40 ಮಿ.ಮೀ.ನದಕ್ಕಿಂತ ಮೇಲು ಎಂಬುದೂ, ಒಂದು ಕಿವಿಗೆ ಎಂಟು ಡ್ರೈವರ್ ತುಂಬಿದರೆ ಎಂಟುಪಟ್ಟು ಇಂಪು ಎಂಬುದೂ ಮಾರಾಟದ ಮಾತು.

ಯಾವ ಸಂಗೀತಕ್ಕೆ ಯಾವುದು

ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ, ಅಂದರೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿ ಕುಗ್ಗುತ್ತದೆ. ಎಷ್ಟೋ ಹೆಡ್‌ಫೋನ್ ಪೆಟ್ಟಿಗೆಗಳ ಮೇಲೆ ಇದೇ ಅಂಕಿ ಅಚ್ಚಾಗಿರುತ್ತದೆ. ಈ ಹರವಿನಲ್ಲಿ ಯಾವ ಭಾಗವನ್ನು ಎಷ್ಟು ಎತ್ತಿ, ಎಷ್ಟು ತಗ್ಗಿಸಿ ಕೇಳಿಸುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಹೆಡ್‌ಫೋನ್‌ನ ಸ್ವಭಾವವೆಲ್ಲ ಆ ಏರುತಗ್ಗಿನಲ್ಲೇ ಇದೆ.

ಕರ್ನಾಟಕದ ಕೇಳುಗರಿಗೆ ಇದನ್ನು ಅಳೆಯಲು ತಂಬೂರಿಗಿಂತ ಒಳ್ಳೆಯ ಸಾಧನವಿಲ್ಲ. ಗಂಡುದನಿಗೆ ಕಪ್ಪು ಒಂದರ ಶ್ರುತಿ ಇಟ್ಟರೆ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಷಡ್ಜದ ತಂತಿ ಅದರ ಅರ್ಧ, ಸುಮಾರು 69. ಆದರೆ ತಂಬೂರಿಯ ನಾದ ಆ ಎರಡು ಅಂಕಿಗಳಲ್ಲಿ ಮುಗಿಯುವುದಿಲ್ಲ. ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಜೀವಾಳ ಕೂರಿಸಿದಾಗ, ಒಂದೇ ತಂತಿ ಹತ್ತಾರು ಉಪಸ್ವರಗಳನ್ನು ಚೆಲ್ಲುತ್ತದೆ. ಮೀಟುವ ಜಾಗವನ್ನು ಅನುಸರಿಸಿ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎಂದು ಭೌತಶಾಸ್ತ್ರದ ಹಳೆಯ ನಿಯಮ ಹೇಳುತ್ತಿತ್ತು. ತಂಬೂರಿ ಮತ್ತು ವೀಣೆಯಲ್ಲಿ ಅವೂ ಗಟ್ಟಿಯಾಗಿ ಕೇಳಿಸುತ್ತವೆ ಎಂದು ಸಿ. ವಿ. ರಾಮನ್ 1921ರಲ್ಲೇ ಬರೆದರು. ಈ ಉಪಸ್ವರಗಳು ಸಾವಿರಾರು ಹರ್ಟ್ಸ್‌ವರೆಗೆ ಹಬ್ಬಿ, ಪ್ರತಿ ಮೀಟಿನ ನಂತರ ಅಲೆಯಾಗಿ ಸರಿಯುತ್ತವೆ. ಬಾಸ್ ಉಬ್ಬಿಸಿದ ಹೆಡ್‌ಫೋನ್‌ನಲ್ಲಿ ತಂಬೂರಿ ಬರೀ ಗುಂಯ್‌ಗುಡುವ ಹಿನ್ನೆಲೆಯಾಗುತ್ತದೆ. ಟ್ರೆಬಲ್ ಅತಿಯಾದದ್ದರಲ್ಲಿ ತಗಡು ಕಂಪಿಸಿದ ಹಾಗಾಗುತ್ತದೆ. ನಾಲ್ಕೂ ತಂತಿಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದು, ಪಂಚಮ ಕರಗುವ ಮೊದಲೇ ಸಾರಣೆ ಏಳುವುದು ತಿಳಿದು, ಅವುಗಳ ಮೇಲೆ ಎಲ್ಲಿಂದಲೋ ಗಾಂಧಾರವೊಂದು ಇಣುಕಿದರೆ ಆ ಹೆಡ್‌ಫೋನ್‌ನ ನಡುಭಾಗ ನೆಟ್ಟಗಿದೆ ಎಂದೇ ಅರ್ಥ. ಈ ಪರೀಕ್ಷೆಗೆ ನಿಜವಾದ ತಂಬೂರಿಯ ಧ್ವನಿಮುದ್ರಣವೇ ಬೇಕು, ಶ್ರುತಿ ಆ್ಯಪ್ ಸಾಲದು.

ಮೃದಂಗ ಎರಡನೆಯ ಪರೀಕ್ಷೆ. ಸಾಮಾನ್ಯ ಡೋಲು ಹದವಿಲ್ಲದ ಸದ್ದು ಮಾಡುತ್ತದೆ, ಆದರೆ ಬಲಮುಖದ ಕಪ್ಪು ಕರಣೆಯ ದೆಸೆಯಿಂದ ಮೃದಂಗ ತಂತಿವಾದ್ಯದಂತೆ ಶ್ರುತಿಬದ್ಧ ನಾದ ಕೊಡುತ್ತದೆ. ಇದನ್ನು ವಿವರಿಸಿದವರೂ ರಾಮನ್‌ರೇ. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಈ ಬಗ್ಗೆ ವಿಸ್ತಾರವಾಗಿ ಬರೆದರು. ತನಿ ಆವರ್ತನದಲ್ಲಿ ಬಲಗೈಯ ಚಾಪು ಚುರುಕಾಗಿ ಬಿದ್ದು ಥಟ್ಟನೆ ನಿಲ್ಲಬೇಕು, ಎಡಗೈಯ ಗುಮಕಿ ಜಾರಿಕೊಂಡು ಹೋಗುವುದು ತಿಳಿಯಬೇಕು. ಅಗ್ಗದ, ಬಾಸ್ ಜಾಸ್ತಿ ಮಾಡಿದ ಇಯರ್‌ಫೋನ್‌ಗಳು ಗುಮಕಿಯನ್ನು ಒಂದೇ ಧಂ ಮಾಡಿಬಿಡುತ್ತವೆ. ಕರ್ನಾಟಕ ಸಂಗೀತ ಮುಖ್ಯವಾದವರು ಬಾಸ್ ಹಿತಮಿತವಾಗಿರುವ, ನಡುಭಾಗ ಸ್ಪಷ್ಟವಿರುವ ಮಾದರಿಗಳನ್ನೇ ನೋಡಬೇಕು. ಸೆನ್‌ಹೈಸರ್‌ನ ಎಚ್‌ಡಿ 600 ಇಂಥದ್ದರ ಹಳೆಯ ಮಾದರಿ. 1997ರಲ್ಲಿ ಬಂದದ್ದು ಇನ್ನೂ ಮಾರಾಟದಲ್ಲಿದೆ.

ನಾಗಸ್ವರ, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್, ಯಕ್ಷಗಾನದ ಚಂಡೆ ಇವು ಬೇರೆಯೇ ಎಚ್ಚರಿಕೆ ಕೇಳುತ್ತವೆ. ಕಿವಿಯ ಕಾಲುವೆಗೆ ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ ಸ್ವಂತದ ಅನುರಣನವಿದೆ. ಅಲ್ಲಿನ ದನಿ ನಮಗೆ ಸಹಜವಾಗಿಯೇ ಜೋರು. ಈ ವಾದ್ಯಗಳ ಕೆಚ್ಚೂ ಅಲ್ಲೇ. ಹೆಡ್‌ಫೋನ್ ಕೂಡ ಅದೇ ಜಾಗವನ್ನು ಹೆಚ್ಚಾಗಿ ಎತ್ತಿದರೆ ಹತ್ತು ನಿಮಿಷದಲ್ಲಿ ತಲೆ ಸಿಡಿಯುತ್ತದೆ. ಅದರಲ್ಲೂ ಬಯಲಾಟದ ಧ್ವನಿಮುದ್ರಣಗಳನ್ನು ರಂಗಸ್ಥಳದ ಮೈಕ್‌ನಿಂದ ನೇರ ಹಿಡಿದಿರುತ್ತಾರೆ. ಚಂಡೆ ಏರಿದಾಗ ದನಿ ಒಡೆದಿರುತ್ತದೆ. ಭಾಗವತರ ಪದ ಮತ್ತು ಅರ್ಥಗಾರಿಕೆ ಕೇಳುವ ಆಸೆಯಿರುವವರು ಮೇಲ್‌ಸ್ವರ ಮೆತ್ತಗಿರುವ, ತುಸು ಮಂಕೆನಿಸುವ ಹೆಡ್‌ಫೋನ್ ತೆಗೆದುಕೊಂಡರೆ ಬೆಳಗಿನ ಜಾವದವರೆಗೆ ಕೇಳಬಹುದು.

ಧಾರವಾಡದ ಕಡೆಯ ಹಿಂದುಸ್ತಾನಿ ರಸಿಕರ ಸಂಗ್ರಹದಲ್ಲಿ ಹಳೆಯ ಆಕಾಶವಾಣಿ ಟೇಪುಗಳೇ ಹೆಚ್ಚು: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಎಷ್ಟೋ ಮೋನೊ. ಮೋನೊ ಮುದ್ರಣ ಹೆಡ್‌ಫೋನ್‌ನಲ್ಲಿ ತಲೆಯ ನಟ್ಟನಡುವೆಯೇ ನಿಲ್ಲುತ್ತದೆ. ಎಷ್ಟು ದುಡ್ಡು ಸುರಿದರೂ ಅದನ್ನು ಅಗಲ ಮಾಡಲು ಬರುವುದಿಲ್ಲ. ಟೇಪಿನ ಸುಯ್ಯೆನ್ನುವ ಸದ್ದು ಮೇಲಿನ ಆವರ್ತಗಳಲ್ಲಿ ಕುಳಿತಿರುತ್ತದೆ. ಹೆಚ್ಚು ವಿವರ ತೋರಿಸುವ ದುಬಾರಿ ಹೆಡ್‌ಫೋನ್ ಗಾಯನಕ್ಕಿಂತ ಮೊದಲು ಆ ಸದ್ದನ್ನೇ ಎತ್ತಿ ಕೊಡುತ್ತದೆ. 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಹಾಡುಗಳಿಗೂ, ಅರವತ್ತರ ದಶಕದ ಪಿ. ಬಿ. ಶ್ರೀನಿವಾಸರ ಚಿತ್ರಗೀತೆಗಳಿಗೂ ಇದೇ ಮಾತು. ಇಂಥ ಕೇಳುಗರು ಐದು ಸಾವಿರದ ಮೇಲೆ ಖರ್ಚು ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಬದಲಿಗೆ ಹಗುರ ಮತ್ತು ಹಿತ ನೋಡಬೇಕು, ಒಂದು ವಿಲಂಬಿತ್ ಮುಗಿಯುವವರೆಗೆ ತಲೆ ಭಾರವಾಗಬಾರದಲ್ಲ.

ಭಾವಗೀತೆಯಲ್ಲಿ ಸಾಹಿತ್ಯವೇ ಮೇಲು. ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಹಾಡುಗಾರಿಕೆಯಲ್ಲಿ ಒಂದೊಂದು ಅಕ್ಷರವೂ ಕೇಳಬೇಕು, ಆದರೆ ಸಕಾರ ಶಕಾರಗಳು ಸೂಜಿಯಂತೆ ಚುಚ್ಚಬಾರದು. ಚುಚ್ಚುವ ಹೆಡ್‌ಫೋನ್‌ಗಳಲ್ಲಿ ಸುಮಾರು 5,000ದಿಂದ 8,000 ಹರ್ಟ್ಸ್ ನಡುವೆ ಏರಿರುತ್ತದೆ. ಸ, ಶ, ಚ ತುಂಬಿರುವ ಒಂದು ಹಾಡನ್ನು ಪರೀಕ್ಷೆಗೆ ಇಟ್ಟುಕೊಂಡರೆ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಸಿನಿಮಾ ಸಂಗೀತ ಒಂದೇ ಜಾತಿಯಲ್ಲ. ಇಳಯರಾಜ ಸಂಗೀತದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳಲ್ಲಿ ಬಾಸ್ ಗಿಟಾರ್ ಹಿಂದೆ ನಿಂತು ತಾಳ ಹಾಕುವುದಿಲ್ಲ, ಇನ್ನೊಂದು ರಾಗವನ್ನೇ ಹೆಣೆಯುತ್ತದೆ. ಅದರ ತೀರ ಕೆಳಗಿನ ಸ್ವರ 41 ಹರ್ಟ್ಸ್. ಫೋನ್‌ನ ಸ್ಪೀಕರ್‌ನಲ್ಲೇ ಈ ಹಾಡುಗಳನ್ನು ಕೇಳಿದವರು ಅರ್ಧ ಹಾಡನ್ನಷ್ಟೇ ಕೇಳಿದ್ದಾರೆ. ಇಲ್ಲಿ ಬೇಕಾದದ್ದು ಹೆಚ್ಚು ಬಾಸ್ ಅಲ್ಲ, ಸ್ವರ ಬಿಡಿಬಿಡಿಯಾಗಿ ಕೇಳುವ ಬಾಸ್. ರವಿ ಬಸ್ರೂರರ ‘ಕೆಜಿಎಫ್’, ಅಜನೀಶ್ ಲೋಕನಾಥರ ‘ಕಾಂತಾರ’ದಂಥ ಇತ್ತೀಚಿನ ಸಂಗೀತ ಚಿತ್ರಮಂದಿರದ ಸಬ್‌ವೂಫರ್ ಮನಸ್ಸಿನಲ್ಲಿಟ್ಟು ಕೂಡಿಸಿದ್ದು, ಅದಕ್ಕೆ ಬಾಸ್ ಎತ್ತಿದ, ಹಿಂಬದಿ ಮುಚ್ಚಿದ ಹೆಡ್‌ಫೋನ್ ನ್ಯಾಯ ಒದಗಿಸುತ್ತದೆ. ಬಾಸ್ ಪ್ರೀತಿಯನ್ನು ಕೀಳೆಂದು ನೋಡುವ ಚಾಳಿ ಹೈ-ಫೈ ಮಂದಿಯಲ್ಲಿದೆ. ಅದು ಬರೀ ಜಂಬ. ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಹಾರ್ಮನ್ ಕಂಪನಿಯಲ್ಲಿ ನಡೆಸಿದ ಅಧ್ಯಯನಗಳಲ್ಲಿ ಹೆಚ್ಚಿನ ಕೇಳುಗರು ಮೆಚ್ಚಿದ್ದು, ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರ್‌ನಂತೆ ಬಾಸ್ ತುಸು ಎತ್ತರಕ್ಕಿರುವ ದನಿಯನ್ನೇ. ಉಳಿದವರಲ್ಲಿ ಕೆಲವರಿಗೆ ಇನ್ನೂ ಹೆಚ್ಚು ಬೇಕಿತ್ತು, ಕೆಲವರಿಗೆ ಕಡಿಮೆ. ಇಂದು ‘ಹಾರ್ಮನ್ ಕರ್ವ್’ ಎನ್ನುವುದು ಇದನ್ನೇ. ವಿಮರ್ಶೆಗಳಲ್ಲಿ ಅಚ್ಚಾಗುವ ಗೆರೆಚಿತ್ರವನ್ನು ಈ ಕರ್ವ್‌ಗೆ ಹೋಲಿಸಿ ನೋಡಿದರೆ ಕೊಳ್ಳುವ ಮೊದಲೇ ಅರ್ಧ ವಿಷಯ ತಿಳಿಯುತ್ತದೆ.

ಕೈಯಲ್ಲಿರುವುದು ಅಷ್ಟು ಸರಿಯಿಲ್ಲ ಎನಿಸಿದರೆ ಹೊಸದು ಕೊಳ್ಳುವ ಮೊದಲು ಫೋನ್‌ನ ಈಕ್ವಲೈಜರ್ ತೆರೆದು ನೋಡುವುದು ಒಳ್ಳೆಯದು. ಬಿಟ್ಟಿಯಾಗಿ ಸಿಗುವ ದುರಸ್ತಿ ಅದು. ಎತ್ತುವುದಕ್ಕಿಂತ ತಗ್ಗಿಸುವುದು ವಾಸಿ, ದನಿ ಒಡೆಯುವುದಿಲ್ಲ.

ಕಿವಿಯಲ್ಲಿ ಕೂರುವುದು

ಇನ್-ಇಯರ್ ಕೊಂಡವರ ದೂರುಗಳಲ್ಲಿ ಎದ್ದು ಕಾಣುವುದು ‘ಬಾಸೇ ಇಲ್ಲ’ ಎಂಬುದು. ಹೆಚ್ಚಿನ ಸಲ ತಪ್ಪು ಇಯರ್‌ಫೋನ್‌ನದಲ್ಲ. ಸಿಲಿಕೋನ್ ತುದಿ ಮತ್ತು ಕಾಲುವೆಯ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಮಂದ್ರವೆಲ್ಲ ಅಲ್ಲಿಂದಲೇ ಸೋರಿಹೋಗುತ್ತದೆ, ಉಳಿಯುವುದು ಕೀರಲು ದನಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿಯಬೇಕು. ಆಗ ಕಾಲುವೆ ನೆಟ್ಟಗಾಗುತ್ತದೆ. ತುದಿಯನ್ನು ಸ್ವಲ್ಪ ತಿರುವುತ್ತ ಒಳಗಿಟ್ಟು ಕಿವಿ ಬಿಟ್ಟರೆ ಅದು ಕಚ್ಚಿಕೊಳ್ಳುತ್ತದೆ, ಹೊರಗಿನ ಫ್ಯಾನಿನ ಸದ್ದು ತಟ್ಟನೆ ದೂರವಾಗುತ್ತದೆ. ಆಗದಿದ್ದರೆ ಬೇರೆ ಅಳತೆಯ ತುದಿ ನೋಡಬೇಕು. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಸಾಮಾನ್ಯ. ಪೆಟ್ಟಿಗೆಯಲ್ಲಿ ಮೂರು ಜೊತೆ ಕೊಟ್ಟಿರುವುದು ಅದಕ್ಕೇ. ಬಹುತೇಕರು ಮೊದಲೇ ಹಾಕಿ ಬಂದದ್ದನ್ನು ಬದಲಾಯಿಸುವುದೇ ಇಲ್ಲ.

ದೊಡ್ಡ ಹೆಡ್‌ಫೋನ್‌ನಲ್ಲಿ ಈ ಕೆಲಸ ದಿಂಬಿನದು. ಕನ್ನಡಕದ ಕಡ್ಡಿ, ಜುಮುಕಿ, ದಪ್ಪ ಜಡೆ ಇವು ದಿಂಬನ್ನು ಎತ್ತಿ ಸಂದಿ ಮಾಡುತ್ತವೆ. ಕನ್ನಡಕ ಹಾಕುವವರು ಅಂಗಡಿಯಲ್ಲಿ ಕನ್ನಡಕದ ಸಮೇತವೇ ಹಾಕಿ ನೋಡಬೇಕು, ಅದೂ ಕನಿಷ್ಠ ಕಾಲು ಗಂಟೆ. ಎರಡು ಮಾದರಿಗಳನ್ನು ಹೋಲಿಸುವಾಗ ದನಿಯ ಮಟ್ಟ ಸಮ ಮಾಡಿಕೊಳ್ಳದಿದ್ದರೆ ಜೋರಾಗಿರುವುದೇ ಒಳ್ಳೆಯದೆಂದು ಕಿವಿ ಹೇಳಿಬಿಡುತ್ತದೆ, ಮಾರುವವರಿಗೂ ಅದು ಗೊತ್ತು.

ಬೆಲೆಯ ಮಜಲುಗಳು

ಐದುನೂರು ರೂಪಾಯಿಯ ಕೆಳಗೆ ಸಿಗುವುದು ಮಾತುಕತೆಗೆ, ಆನ್‌ಲೈನ್ ತರಗತಿಗೆ ಸಾಕು. ಒಂದೂವರೆಯಿಂದ ಮೂರು ಸಾವಿರದ ನಡುವೆ ಕಳೆದ ಹತ್ತು ವರ್ಷಗಳಲ್ಲಿ ಆಟವೇ ಬದಲಾಗಿದೆ. ಕೆಝಡ್, ಮೂನ್‌ಡ್ರಾಪ್, ಟ್ರೂತ್‌ಇಯರ್ ಮುಂತಾದ ಚೀನೀ ಕಂಪನಿಗಳ ವೈರಿನ ಇನ್-ಇಯರ್‌ಗಳು ಹಿಂದೆ ಹತ್ತುಪಟ್ಟು ಬೆಲೆಗೆ ಸಿಗುತ್ತಿದ್ದ ಸಮತೋಲನವನ್ನು ಈ ಬೆಲೆಗೆ ಕೊಡುತ್ತಿವೆ. ಬರೀ ಸಂಗೀತವೇ ಮುಖ್ಯ, ವೈರ್ ಇದ್ದರೂ ಅಡ್ಡಿಯಿಲ್ಲ ಎನ್ನುವವರಿಗೆ ಇದೇ ಅತ್ಯಂತ ಲಾಭದ ಮಜಲು. ಮೊದಲ ಸಂಬಳದವರು, ಸಂಗೀತ ಕಲಿಯುವ ಮಕ್ಕಳು ಇಲ್ಲಿಂದಲೇ ಶುರುಮಾಡಲಿ ಎಂದು ಧೈರ್ಯವಾಗಿ ಹೇಳಬಹುದು.

ಐದರಿಂದ ಹದಿನೈದು ಸಾವಿರದೊಳಗೆ ಸ್ಟುಡಿಯೊಗಳಲ್ಲಿ ದುಡಿದು ಗಟ್ಟಿಯಾದ ಹೆಡ್‌ಫೋನ್‌ಗಳಿವೆ. ಸೋನಿಯ ಎಂಡಿಆರ್-7506 1991ರಿಂದ ಇದೆ. ಅದರ ದನಿ ಮುದ್ರಣದ ತಪ್ಪುಗಳನ್ನು ಎತ್ತಿ ತೋರಿಸಲೆಂದೇ ಹದವಾದದ್ದು, ಸಂಜೆ ಕಾಲು ಚಾಚಿ ಕೇಳುವವರಿಗೆ ಕೆಲವೊಮ್ಮೆ ಒರಟು. ಆಡಿಯೊ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್‌ನಲ್ಲಿ ಬಾಸ್ ಸ್ವಲ್ಪ ಹೆಚ್ಚು, ವೈರ್ ಬಿಚ್ಚಿ ಬದಲಾಯಿಸಬಹುದು. ಬೇಯರ್‌ಡೈನಾಮಿಕ್‌ನ ಡಿಟಿ 770 ಮೆತ್ತನೆಯ ದಿಂಬಿಗೆ ಹೆಸರಾದದ್ದು, ಮೇಲ್‌ಸ್ವರ ಮಾತ್ರ ಹರಿತ. ಚಂಡೆ ಕೇಳುವವರು ಇದರಿಂದ ದೂರವಿರಲಿ.

ಇಪ್ಪತ್ತರಿಂದ ಮೂವತ್ತೈದು ಸಾವಿರದ ಹೊತ್ತಿಗೆ ದಾರಿ ಎರಡಾಗುತ್ತದೆ. ಒಂದು ಕಡೆ ಸೋನಿ, ಬೋಸ್‌ಗಳ ವೈರ್‌ಲೆಸ್, ಸದ್ದು ಕಳೆಯುವ ಹೆಡ್‌ಫೋನ್‌ಗಳು; ಇಲ್ಲಿ ದುಡ್ಡಿನ ದೊಡ್ಡ ಪಾಲು ಮೈಕ್, ಚಿಪ್, ಬ್ಯಾಟರಿಗೆ ಹೋಗುತ್ತದೆ. ಇನ್ನೊಂದು ಕಡೆ ಎಚ್‌ಡಿ 600ನಂಥ ತೆರೆದ ಹೆಡ್‌ಫೋನ್‌ಗಳು. ಇಲ್ಲಿ ಎಲ್ಲ ದುಡ್ಡೂ ದನಿಗೆ. ವಾರಕ್ಕೆ ಐದು ದಿನ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟುವವರಿಗೆ ಮೊದಲನೆಯದು, ಮನೆಯಲ್ಲಿ ಕುಳಿತು ಸಂಗೀತ ಕಚೇರಿ ಕೇಳುವವರಿಗೆ ಎರಡನೆಯದು. ಇದರಾಚೆ ಬೆಲೆ ಎರಡರಷ್ಟಾದರೆ ಸುಖ ಒಂದು ಹಿಡಿ ಹೆಚ್ಚುತ್ತದೆ. ಮಾರುಕಟ್ಟೆಗೆ ಬಂದಾಗ ಸುಮಾರು 50,000 ಯೂರೋ ಬೆಲೆಯಿದ್ದ ಸೆನ್‌ಹೈಸರ್ ಎಚ್‌ಇ 1 ಎಂಬುದೂ ಇದೆ, ಅಮೃತಶಿಲೆಯ ಪೀಠದ ಸಮೇತ. ಅದನ್ನು ಅಭಿರುಚಿಯ ಲೆಕ್ಕಕ್ಕಿಂತ ಅಂತಸ್ತಿನ ಲೆಕ್ಕಕ್ಕೆ ಸೇರಿಸುವುದು ಸರಿ.

ದುಬಾರಿ ಹೆಡ್‌ಫೋನ್ ಕೊಳ್ಳುವಾಗ ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ, ಗಮನಿಸದಿದ್ದರೆ ಮೋಸ ಹೋಗುತ್ತೇವೆ. ಒಂದು ವೋಲ್ಟ್ ಕೊಡುವ ಫೋನ್ 32 ಓಮ್‌ನ ಹೆಡ್‌ಫೋನ್‌ಗೆ ಸುಮಾರು 31 ಮಿಲಿವಾಟ್ ಶಕ್ತಿ ತಲುಪಿಸುತ್ತದೆ. ಎಚ್‌ಡಿ 600ರ 300 ಓಮ್‌ಗೆ ತಲುಪುವುದು ಮೂರು ಮಿಲಿವಾಟ್ ಮಾತ್ರ. ದನಿ ಸಣ್ಣಗೆ, ಪೇಲವವಾಗಿ ಬರುತ್ತದೆ. ಆಂಪ್ಲಿಫೈಯರ್‌ಗೆ ಇನ್ನಷ್ಟು ಸಾವಿರ ಎತ್ತಿಡಬೇಕು. 16ರಿಂದ 60 ಓಮ್‌ವರೆಗಿನವಕ್ಕೆ ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಸಾವಿರ ರೂಪಾಯಿ ಆಸುಪಾಸಿನ ಡಾಂಗಲ್ ಸಾಕು.

ವೈರ್‌ಲೆಸ್

ಸಿಡಿಯ ದತ್ತಾಂಶ ಸೆಕೆಂಡಿಗೆ 1,411 ಕಿಲೊಬಿಟ್. ಬ್ಲೂಟೂತ್‌ನ ಮೂಲ ಕೋಡೆಕ್ (ದನಿಯನ್ನು ಹಿಂಡಿ ಕಳಿಸುವ ವಿಧಾನ) ಎಸ್‌ಬಿಸಿ ಅದನ್ನು ಸುಮಾರು 330ಕ್ಕೆ ಹಿಂಡುತ್ತದೆ. ಸೋನಿಯ ಎಲ್‌ಡ್ಯಾಕ್ 990ರವರೆಗೆ ಬಿಡುತ್ತದೆ, ಆದರೆ ಐಫೋನ್‌ನಲ್ಲಿ ಅದು ಇಲ್ಲ. ಓಡಾಡುತ್ತ ಕೇಳುವಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವರ್ ಟ್ಯೂನಿಂಗ್ ಹದಗೆಟ್ಟಿದ್ದರೆ ಯಾವ ಕೋಡೆಕ್ಕೂ ಅದನ್ನು ಉಳಿಸುವುದಿಲ್ಲ. ‘ಹೈ-ರೆಸ್’ ಚಿನ್ನದ ಬಣ್ಣದ ಮುದ್ರೆ ಕೂಡ ಹಾಗೆಯೇ: 40,000 ಹರ್ಟ್ಸ್ ಮುಟ್ಟಬೇಕೆಂಬ ಷರತ್ತು ಅದರದು, ಆ ಎತ್ತರದಲ್ಲಿ ಕೇಳುವ ಕಿವಿ ಬಾವಲಿಗಳದು.

ಸದ್ದು ಕಳೆಯುವ ಎಎನ್‌ಸಿ ಹೊರಗಿನ ಸದ್ದನ್ನು ಮೈಕ್‌ನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಬಿಡುತ್ತದೆ. ಒಂದೇ ಸಮನೆ ಗುಡುಗುಡಿಸುವ ಬಸ್ಸಿನ ಎಂಜಿನ್, ವಿಮಾನ, ಎಸಿ ಇವುಗಳ ಮೇಲೆ ಅದರ ಕೈ ನಡೆಯುತ್ತದೆ. ಹಾರ್ನ್, ಮಗುವಿನ ಅಳು, ಪಕ್ಕದ ಸೀಟಿನವರ ಫೋನ್ ಸಂಭಾಷಣೆ ಮುಂತಾದ ಮೇಲ್‌ಸ್ವರದ, ಹಠಾತ್ ಸದ್ದಿಗೆ ಅಷ್ಟಾಗಿ ನಡೆಯುವುದಿಲ್ಲ. ಅವನ್ನು ತಡೆಯುವುದು ಗಟ್ಟಿಯಾಗಿ ಕೂತ ತುದಿ ಅಥವಾ ದಿಂಬು. ರಸ್ತೆ ದಾಟುವಾಗ, ಸ್ಕೂಟರ್ ಓಡಿಸುವಾಗ ಎಎನ್‌ಸಿ, ಗಟ್ಟಿಯಾಗಿ ಕೂತ ತುದಿ ಎರಡೂ ಅಪಾಯ.

ಕಿವಿ ಮತ್ತು ಬಾಳಿಕೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್‌ಗೆ ಏರಿಸಿದರೆ 4 ಗಂಟೆ ಮಾತ್ರ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಮಕ್ಕಳಿಗೆ 75 ಡೆಸಿಬೆಲ್‌ನ ಮಿತಿ. ಗದ್ದಲದ ನಡುವೆ ತೆರೆದ ಬಡ್ ಹಾಕಿಕೊಂಡವರು ಬಸ್ಸಿನ ಸದ್ದನ್ನು ಮೀರಿಸಲು ದನಿ ಏರಿಸುತ್ತಲೇ ಹೋಗುತ್ತಾರೆ. ಹೊರಗಿನದನ್ನು ತಡೆಯುವ ಇನ್-ಇಯರ್ ಅಥವಾ ಎಎನ್‌ಸಿ ಹಾಕಿದವರು ಕಡಿಮೆ ದನಿಯಲ್ಲೇ ತೃಪ್ತರಾಗುತ್ತಾರೆ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ದನಿಗೆ ಮಿತಿ ಹಾಕುವ ಸೌಲಭ್ಯ ಇರುತ್ತದೆ. ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು ಉಳಿದುಕೊಂಡರೆ ಕಿವಿ ವೈದ್ಯರನ್ನು ಕಾಣಬೇಕು; ಒಳಕಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಬಾಳಿಕೆಯ ವಿಷಯದಲ್ಲಿ ವೈರಿನವು ಎಷ್ಟೋ ಮುಂದೆ. ಮೊದಲು ಸಾಯುವುದು ಜಾಕಿನ ಕುತ್ತಿಗೆ. ಒಂದು ಕಿವಿ ಕೇಳಿಸದಾಗ ವೈರನ್ನು ಜಾಕಿನ ಬಳಿ ಅಲುಗಿಸಿ ನೋಡಿದರೆ ದನಿ ಬಂದು ಹೋಗುತ್ತದೆ. ಅಲ್ಲೇ ಕತ್ತರಿಸಿ ಹೊಸ ಜಾಕ್ ಬೆಸುಗೆ ಹಾಕಿದರೆ ಇನ್ನೂ ಕೆಲವು ವರ್ಷ ಓಡುತ್ತದೆ, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಜಾಕ್, ವೈರ್, ಬೆಸುಗೆ ಎಲ್ಲವೂ ಸಿಗುತ್ತವೆ. ವೈರ್ ಬಿಚ್ಚಲು ಬರುವ ಮಾದರಿಯಾದರೆ ಅದೂ ಬೇಡ. ಇನ್-ಇಯರ್‌ನ ಜಾಲರಿಗೆ ಕಿವಿಯ ಗುಗ್ಗೆ ಅಡರಿದರೆ ಒಂದು ಬದಿಯ ದನಿ ಕುಗ್ಗುತ್ತದೆ. ತುದಿ ಕಳಚಿ, ಜಾಲರಿಯನ್ನು ಕೆಳಮುಖವಾಗಿ ಹಿಡಿದು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಬೇಕು. ಪಿನ್ ಚುಚ್ಚಬಾರದು. ವೈರ್‌ಲೆಸ್ ಬಡ್‌ಗಳ ಬ್ಯಾಟರಿ ಕೆಲವು ನೂರು ಚಾರ್ಜ್‌ಗಳ ನಂತರ ಸೋಲುತ್ತದೆ, ಬಹುಪಾಲು ಮಾದರಿಗಳಲ್ಲಿ ಅದನ್ನು ಬದಲಿಸಲು ಬರುವುದಿಲ್ಲ. ಇಪ್ಪತ್ತು ಸಾವಿರದ ಬಡ್‌ನ ಬೆಲೆಯನ್ನು ಮೂರು ಅಥವಾ ನಾಲ್ಕು ವರ್ಷಕ್ಕೆ ಭಾಗಿಸಿ, ದಿಂಬು ಮತ್ತು ವೈರ್ ಬದಲಾಯಿಸುತ್ತ ಹದಿನೈದು ವರ್ಷ ಬಾಳುವ ವೈರಿನ ಹೆಡ್‌ಫೋನ್‌ನದನ್ನು ಹದಿನೈದಕ್ಕೆ ಭಾಗಿಸಿ ನೋಡಿದರೆ ಬಜೆಟ್ಟಿನ ಚಿತ್ರ ಬೇರೆಯೇ ಕಾಣುತ್ತದೆ.